ಇಪ್ಪತ್ತು ಚೀಲ ಭತ್ತಕ್ಕೆ ಯಾವ ಪಿಕಪ್ ಗಟ್ಟಿ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದು 14 ಎಕರೆ ಭತ್ತದ ಗದ್ದೆ. ಸುಗ್ಗಿಯಲ್ಲಿ ಕಾರಟಗಿ, ಗಂಗಾವತಿ ಮಿಲ್ಲುಗಳಿಗೆ ಭತ್ತ ಸಾಗಿಸಲು, ಉಳಿದ ದಿನ ಬಾಡಿಗೆಗೆ ಓಡಿಸಲು ಹೊಸ ಪಿಕಪ್ ತಗೋಬೇಕೆಂದಿದ್ದೇನೆ. ಬೊಲೆರೊ ಪಿಕಪ್, ಟಾಟಾ ಯೋಧ, ಬಡಾ ದೋಸ್ತ್ ಈ ಮೂರರಲ್ಲಿ ಮನಸ್ಸು ಓಡಾಡುತ್ತಿದೆ. ಇಂಟ್ರಾ, ಇಸುಜು ನೋಡಿ ಎನ್ನುವವರೂ ಇದ್ದಾರೆ. ನಿಜಕ್ಕೂ ಯಾವುದು ಗಟ್ಟಿ? ತಂದ ಮೇಲೆ ಹಿಂದಿನ ಸ್ಪ್ರಿಂಗಿಗೆ ಎರಡು ಉಕ್ಕಿನ ಪಟ್ಟಿ ಏರಿಸಿದರೆ 30 ಚೀಲ ಹಾಕಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಿಮ್ಮ ಕಡೆಯ ಭತ್ತದ ಚೀಲ 75 ಕೆಜಿ. ಮೂವತ್ತು ಚೀಲ ಅಂದರೆ 2250 ಕೆಜಿ. ನೀವು ಹೆಸರಿಸಿದ ಯಾವ ಗಾಡಿಯೂ ಅಷ್ಟು ಹೊರಲು ಮಾಡಿದ್ದಲ್ಲ. ಬೊಲೆರೊ ಪಿಕಪ್‌ನಲ್ಲಿ 1.3 ಟನ್, 1.7 ಟನ್ ಮಾದರಿಗಳಿವೆ; ಆಮೇಲೆ ಬಂದ ಬೊಲೆರೊ ಮ್ಯಾಕ್ಸ್ ಪಿಕಪ್‌ನಲ್ಲಿ 2 ಟನ್‌ವರೆಗೆ ಸಿಗುತ್ತದೆ. ಯೋಧದಲ್ಲಿ 1200, 1500, 1700 ಕೆಜಿ ಮಾದರಿಗಳಿದ್ದು, 2022ರಲ್ಲಿ ಯೋಧ 2.0 ಬಂದಾಗ 2 ಟನ್ನಿನದೂ ಸೇರಿತು. ಬಡಾ ದೋಸ್ತ್‌ನ ಐ4 ಮಾದರಿ 1.8 ಟನ್ನಿನ ಆಸುಪಾಸು. ಇಂಟ್ರಾ ವಿ30ಕ್ಕೆ 1300, ವಿ50ಕ್ಕೆ 1500 ಕೆಜಿ.

ಈ ಅಂಕಿಯೂ ಪೂರ್ತಿ ನಿಮ್ಮ ಭತ್ತದ ಪಾಲಿಗೆ ಬರುವುದಿಲ್ಲ. ಕಂಪನಿ ಹೇಳುವ ಲೋಡಿನಲ್ಲಿ ಚಾಲಕ ಮತ್ತು ಹಮಾಲರ ತೂಕವೂ ಸೇರಿದೆ. ಚಾಲಕನ ಜೊತೆ ಇಬ್ಬರು ಹಮಾಲರು ಕೂತರೆ 190ರಿಂದ 200 ಕೆಜಿ ಅಲ್ಲೇ ಹೋಯಿತು. ಡಾಲಾದ (ಹಿಂದೆ ಮಾಲು ತುಂಬುವ ತೊಟ್ಟಿಯ) ಮೇಲೆ ಕಬ್ಬಿಣದ ಜಾಲರಿ ಏರಿಸಿ, ತಳಕ್ಕೆ ದಪ್ಪ ಚೆಕರ್ಡ್ ಶೀಟ್ ಹಾಸಿ, ಹಿಂದೆ ಗಾರ್ಡ್ ಕಟ್ಟಿಸಿದರೆ ಇನ್ನೂ ನೂರು, ನೂರೈವತ್ತು ಕೆಜಿ. ಮಷಿನ್ ಕಟಾವಿನ ಹಸಿ ಭತ್ತವನ್ನು ತೂಕ ಮಾಡದೆ ಹೊಲದಲ್ಲೇ ತುಂಬಿದರೆ ಚೀಲ 75ಕ್ಕೆ ನಿಲ್ಲದೆ 80 ಮುಟ್ಟುತ್ತದೆ. ಹಾಗಾಗಿ ಡಾಲಾಕ್ಕೆ ಏನೂ ಏರಿಸದೆ, ಚೀಲ 75 ಕೆಜಿಯೇ ಇದ್ದರೆ 1.7 ಟನ್ನಿನ ಗಾಡಿಯಲ್ಲಿ 20 ಚೀಲ, 2 ಟನ್ನಿನದರಲ್ಲಿ 23 ಅಥವಾ 24 ಚೀಲ ಅಂತ ಲೆಕ್ಕ ಹಿಡಿಯಿರಿ. ಇದಕ್ಕಿಂತ ಹೆಚ್ಚು ಹಾಕಲೇಬೇಕಾದ ವ್ಯಾಪಾರ ನಿಮ್ಮದಾದರೆ ನಿಮಗೆ ಬೇಕಾದದ್ದು ಪಿಕಪ್ ಅಲ್ಲ, ಹಿಂದೆ ನಾಲ್ಕು ಗಾಲಿಯ ಸಣ್ಣ ಲಾರಿ. ಅತಿಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕಾಗುತ್ತದೆ.

ಈಗ ಗಟ್ಟಿತನದ ಮಾತು. ಷೋರೂಮಿನಲ್ಲಿ ಬಾಗಿಲು ಬಡಿದು, ಬಾನೆಟ್ ಒತ್ತಿ, ಹಿಂದಿನ ಪಟ್ಟಿ ಎಣಿಸಿ ಗಟ್ಟಿತನ ಅಳೆಯುವುದು ರೂಢಿ. ಲೋಡನ್ನು ಹೊರುವುದು ತಗಡಲ್ಲ. ಡಾಲಾದ ತಳದಿಂದ ಚಾಸಿಗೆ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ), ಚಾಸಿಯಿಂದ ಬ್ರಾಕೆಟ್ಟು ಮತ್ತು ಪಟ್ಟಿಗೆ, ಪಟ್ಟಿಯಿಂದ ಯು-ಬೋಲ್ಟ್ ಮೂಲಕ ಆಕ್ಸಲ್ ಹೌಸಿಂಗಿಗೆ (ಎರಡು ಗಾಲಿ ಜೋಡಿಸುವ ಅಡ್ಡ ದಂಡದ ಕವಚಕ್ಕೆ), ಅಲ್ಲಿಂದ ಬೇರಿಂಗು, ರಿಮ್ಮು, ಟೈರಿಗೆ ಭಾರ ಇಳಿಯುತ್ತದೆ. ಇದರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ತೂಕಕ್ಕೆ ಮಾಡಿದ್ದೋ ಗಾಡಿಯ ಶಕ್ತಿ ಅಷ್ಟೇ. ಪಟ್ಟಿ ಏರಿಸುವವರು ಈ ಸಾಲಿನ ಒಂದೇ ಕೊಂಡಿಯನ್ನು ದಪ್ಪ ಮಾಡುತ್ತಾರೆ, ಉಳಿದ ಕೊಂಡಿಗಳು ಇದ್ದ ಹಾಗೇ ಇರುತ್ತವೆ.

ಎರಡು ಪಟ್ಟಿ ಹೆಚ್ಚಿಗೆ ಹಾಕಿದಾಗ ಏನಾಗುತ್ತದೆ ನೋಡಿ. ಗಾಡಿಯ ಹಿಂಭಾಗ ಏರುತ್ತದೆ, ಲೋಡು ಹಾಕಿದರೂ ಕುಸಿಯುವುದಿಲ್ಲ, ಕಣ್ಣಿಗೆ ಚಂದ ಕಾಣುತ್ತದೆ. ಮೊದಲು ಪಟ್ಟಿ ಬಾಗಿ ನುಂಗುತ್ತಿದ್ದ ಗುಂಡಿಯ ಹೊಡೆತ ಈಗ ನೇರ ಚಾಸಿಗೆ ಹೋಗುತ್ತದೆ. ಬಿರುಕು ಬಿಡುವುದು ಸಾಮಾನ್ಯವಾಗಿ ಎರಡು ಕಡೆ: ಹಿಂದಿನ ಪಟ್ಟಿಯ ಮುಂಭಾಗದ ಬ್ರಾಕೆಟ್ ಚಾಸಿಗೆ ಕೂರುವಲ್ಲಿ, ಮತ್ತು ಕ್ಯಾಬಿನ್ ಮುಗಿದು ಡಾಲಾ ಶುರುವಾಗುವಲ್ಲಿ. ಶುರುವಿನಲ್ಲಿ ಬೋಲ್ಟಿನ ತೂತಿನಿಂದ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಾಣುತ್ತದೆ. ಬಣ್ಣ ಅಲ್ಲಿ ಸೀಳಿ, ಕೆಂಪು ಪುಡಿ ಜಿನುಗಿರುತ್ತದೆ. ಆ ಹಂತದಲ್ಲಿ ಹಿಡಿದರೆ ರಿಪೇರಿ ಸಾಧ್ಯ.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಅಪಾಯ ಬ್ರೇಕಿನದು. ಈ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿ ನಡುವೆ ಒಂದು ಸಣ್ಣ ಸರಳು ಅಥವಾ ಸ್ಪ್ರಿಂಗ್ ಇರುವ ವಾಲ್ವ್ ಇದ್ದರೆ, ಅದು ಲೋಡು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್. ಚಾಸಿ ಎಷ್ಟು ಕುಸಿದಿದೆ ಎಂಬುದರಿಂದ ಅದು ಲೋಡನ್ನು ಅಂದಾಜು ಮಾಡುತ್ತದೆ. ಪಟ್ಟಿ ಏರಿಸಿದ ಮೇಲೆ ಚಾಸಿ ಕುಸಿಯದ ಕಾರಣ, ಎರಡು ಟನ್ ಹೇರಿದರೂ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕನ್ನು ತಗ್ಗಿಸಿಯೇ ಇಡುತ್ತದೆ. ಮುಂದಿನ ಬ್ರೇಕಿನ ಮೇಲೆ ಎಲ್ಲ ಭಾರ ಬಿದ್ದು ಪ್ಯಾಡು ಬೇಗ ಸವೆಯುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ. ಹಾಗಾಗಿ ಹೊಸ ಗಾಡಿಗೆ ಪಟ್ಟಿ ಏರಿಸಬೇಡಿ. ಇದು ನನ್ನ ಖಚಿತ ಮಾತು. ಹಳೆಯದಾಗಿ ಪಟ್ಟಿ ಸೋತಿದ್ದರೆ ಕಂಪನಿಯ ಅದೇ ಸೆಟ್ಟನ್ನು ಎರಡೂ ಬದಿಗೆ ಒಟ್ಟಿಗೆ ಬದಲಿಸಿ.

ಮುಂದಿನದು ವಿನ್ಯಾಸ. ಬೊಲೆರೊ, ಯೋಧ, ಇಸುಜು ಡಿ-ಮ್ಯಾಕ್ಸ್ ಬಾನೆಟ್ ಇರುವ ಗಾಡಿಗಳು, ಎಂಜಿನ್ ಕ್ಯಾಬಿನ್ನಿನ ಮುಂದಿದೆ. ಬಡಾ ದೋಸ್ತ್, ಇಂಟ್ರಾಗಳಲ್ಲಿ ಮೂತಿ ಮೊಟಕು, ಎಂಜಿನ್ ಸೀಟಿನ ಕೆಳಗೆ. ಅಷ್ಟೇ ಉದ್ದದ ಗಾಡಿಯಲ್ಲಿ ಮೊಟಕು ಮೂತಿಯವು ಡಾಲಾಕ್ಕೆ ಹೆಚ್ಚು ಜಾಗ ಕೊಡುತ್ತವೆ. ಬಡಾ ದೋಸ್ತ್‌ನ ಡಾಲಾ ಒಂಬತ್ತೂವರೆ ಅಡಿಯ ಆಸುಪಾಸು ಇದ್ದೂ ಗಾಡಿ ಪೇಟೆಯಲ್ಲಿ ಸಲೀಸಾಗಿ ತಿರುಗುತ್ತದೆ. ಬಾನೆಟ್ ಗಾಡಿಯಲ್ಲಿ ಉದ್ದ ಡಾಲಾ ಬೇಕೆಂದರೆ ಅದು ಹಿಂದಿನ ಗಾಲಿಯಿಂದಾಚೆ ಚಾಚಬೇಕಾಗುತ್ತದೆ. ಅಲ್ಲೇ ಒಂದು ಲೆಕ್ಕ ಅಡಗಿದೆ.

ಉದಾಹರಣೆಗೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 10 ಅಡಿ, ಅಂದರೆ 120 ಇಂಚು ಇದೆ ಅಂತಿಟ್ಟುಕೊಳ್ಳಿ. ಡಾಲಾದ ಸರಿ ಮಧ್ಯಭಾಗ ಹಿಂದಿನ ಗಾಲಿಯ ನಡುವಿನಿಂದ 12 ಇಂಚು ಮುಂದಿದ್ದರೆ, ಸಮವಾಗಿ ಜೋಡಿಸಿದ 1500 ಕೆಜಿಯಲ್ಲಿ ಹತ್ತನೆಯ ಒಂದು ಪಾಲು, 150 ಕೆಜಿ, ಮುಂದಿನ ಗಾಲಿಗೆ ಹೋಗುತ್ತದೆ, 1350 ಹಿಂದಕ್ಕೆ. ಆ ಮಧ್ಯಭಾಗ 6 ಇಂಚು ಮಾತ್ರ ಮುಂದಿದ್ದರೆ ಮುಂದಕ್ಕೆ 75, ಹಿಂದಕ್ಕೆ 1425. ಇದೇ ಗಾಡಿಯ ಡಾಲಾವನ್ನು ನಮ್ಮ ಊರಿನ ಬಾಡಿ ಕಟ್ಟುವವರಲ್ಲಿ ಒಂದು ಅಡಿ ಹಿಂದಕ್ಕೆ ಬೆಳೆಸಿದರೆ ಮಧ್ಯಭಾಗ ಆರು ಇಂಚು ಹಿಂದೆ ಸರಿದು ಸರಿಯಾಗಿ ಆಕ್ಸಲ್ಲಿನ ಮೇಲೆ ಬಂದು ಕೂರುತ್ತದೆ. ಆಗ ಪೂರ್ತಿ 1500 ಕೆಜಿ ಹಿಂದಿನ ಎರಡೇ ಗಾಲಿಗೆ. ಇನ್ನೂ ನಾಲ್ಕು ಚೀಲ ಬಾಲದ ಕಡೆ ಒಟ್ಟಿದರೆ ಮುಂಭಾಗ ಎದ್ದು, ಸ್ಟೀರಿಂಗ್ ಹಗುರಾಗಿ, ನಾಲೆಯ ಏರಿ ಮೇಲಿನ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ.

ಆದ್ದರಿಂದ ಗಾಡಿ ನೋಡಲು ಹೋಗುವಾಗ ಟೇಪು ಜೇಬಿನಲ್ಲಿರಲಿ. ಹಿಂದಿನ ಗಾಲಿಯ ನಡುವಿನಿಂದ ಡಾಲಾದ ಮುಂದಿನ ಗೋಡೆಗೆ ಎಷ್ಟು, ಹಿಂದಿನ ಬಾಗಿಲಿಗೆ ಎಷ್ಟು, ಬರೆದುಕೊಳ್ಳಿ. ಮುಂದಿನ ಅಳತೆ ಹಿಂದಿನದಕ್ಕಿಂತ ಎಷ್ಟು ಹೆಚ್ಚೋ ಅದರ ಅರ್ಧ ನಿಮ್ಮ ಮಧ್ಯಭಾಗ ಆಕ್ಸಲ್ಲಿನಿಂದ ಮುಂದಿರುವ ದೂರ. ಭತ್ತ, ಸಿಮೆಂಟು, ಗೊಬ್ಬರದಂಥ ಭಾರದ ಮಾಲಿಗೆ ಆ ದೂರ ಹೆಚ್ಚಿದ್ದಷ್ಟೂ ಒಳ್ಳೆಯದು. ಹತ್ತಿ, ಹೊಟ್ಟು, ಖಾಲಿ ಕ್ರೇಟಿನಂಥ ಹಗುರ ಮಾಲಿಗೆ ಡಾಲಾ ಉದ್ದವಿದ್ದರೆ ಲಾಭ.

ಹಿಂದಿನ ಗಾಲಿಯ ನಡುಭಾಗವನ್ನೂ ನೋಡಿ. ರಿಮ್ಮಿನ ನಡುವಿನಿಂದ ಹಬ್ ದಪ್ಪಗೆ ಹೊರಚಾಚಿ, ಅದರ ಮುಖದ ಮೇಲೆ ಗಾಲಿಯ ನಟ್ಟುಗಳಲ್ಲದೆ ಇನ್ನೊಂದು ಸುತ್ತು ಸಣ್ಣ ಬೋಲ್ಟುಗಳಿದ್ದರೆ ಅದು ಫುಲ್ ಫ್ಲೋಟಿಂಗ್ ಆಕ್ಸಲ್. ಅದರಲ್ಲಿ ಗಾಡಿಯ ಭಾರವನ್ನು ಹೌಸಿಂಗು ಹೊರುತ್ತದೆ, ಒಳಗಿನ ಶಾಫ್ಟು ಬರೀ ತಿರುಗಿಸುತ್ತದೆ. ಶಾಫ್ಟು ತುಂಡಾದರೂ ಗಾಲಿ ಕಳಚುವುದಿಲ್ಲ. ನಡುಭಾಗ ಚಪ್ಪಟೆಯಿದ್ದರೆ ಸೆಮಿ ಫ್ಲೋಟಿಂಗ್. ಅಲ್ಲಿ ಶಾಫ್ಟೇ ಭಾರವನ್ನೂ ಹೊತ್ತು ತಿರುಗಬೇಕು, ಅತಿಲೋಡಿನಲ್ಲಿ ಬೇರಿಂಗು ಮೊದಲು ಸಾಯುತ್ತದೆ. ಒಂದೇ ಹೆಸರಿನ ಗಾಡಿಯಲ್ಲಿ ಲೋಡಿಗೆ ತಕ್ಕಂತೆ ಪಟ್ಟಿ, ಟೈರು, ಆಕ್ಸಲ್ ಬದಲಾಗಿರಬಹುದು. ಪಕ್ಕದ ಊರಿನವರ ಗಾಡಿ ನೋಡಿ ಅದೇ ನಿಮಗೂ ಬರುತ್ತದೆ ಅಂದುಕೊಳ್ಳದೆ, ನಿಮಗೆ ಕೊಡುವ ಮಾದರಿಯ ಕೆಳಗೇ ಬಗ್ಗಿ ನೋಡಿ.

ಮುಂಭಾಗದಲ್ಲಿ ಎರಡು ಬಗೆ. ಅಡ್ಡಕ್ಕೆ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಪಟ್ಟಿ. ಅಥವಾ ಎಡಬಲ ಗಾಲಿಗೆ ಬೇರೆಬೇರೆ ತೋಳು. ಮೊದಲನೆಯದು ಕುಲುಕಿಸುತ್ತದೆ, ಆದರೆ ಗಾಲಿ ತಿರುಗುವ ಕೀಲಾದ ಕಿಂಗ್‌ಪಿನ್ನಿಗೆ ಸರಿಯಾಗಿ ಗ್ರೀಸು ಹೊಡೆಯುತ್ತಿದ್ದರೆ ವರ್ಷಗಟ್ಟಲೆ ಬಾಳುತ್ತದೆ, ತಾಲ್ಲೂಕಿನ ಯಾವ ಮೇಸ್ತ್ರಿಯಾದರೂ ರಿಪೇರಿ ಮಾಡುತ್ತಾನೆ. ಎರಡನೆಯದು ರಸ್ತೆಯ ಮೇಲೆ ಮೆತ್ತಗೆ ಓಡುತ್ತದೆ, ಆದರೆ ತೋಳಿನ ತುದಿಯ ಗುಂಡು ಕೀಲಿನ (ಬಾಲ್ ಜಾಯಿಂಟ್) ರಬ್ಬರು ಹರಿದು ಕೆಸರು ಹೊಕ್ಕರೆ ಬೇಗ ಸಡಿಲಾಗಿ ಟೈರನ್ನು ಒಳಬದಿಯಿಂದ ತಿನ್ನುತ್ತದೆ. ನಿಮ್ಮ ಎರೆ ಮಣ್ಣು ಒದ್ದೆಯಿದ್ದಾಗ ಅಂಟು, ಒಣಗಿದರೆ ಕಲ್ಲು. ಗದ್ದೆ ದಾರಿಯಲ್ಲೇ ದಿನವೂ ಓಡುವವರಿಗೆ ಮೊದಲನೆಯ ಬಗೆಯೇ ಸರಿ.

ಎಂಜಿನ್ನಿನ ಅಂಕಿಗಳು ಹೀಗಿವೆ. ಯೋಧದ 2.2 ಲೀಟರ್ ಡೀಸೆಲ್ 100 ಎಚ್‌ಪಿ, 250 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಈ ಗುಂಪಿನಲ್ಲಿ ಅದೇ ಹೆಚ್ಚು. ಬೊಲೆರೊದ 2.5 ಲೀಟರ್ ಎಂಜಿನ್ ಮಾದರಿಗೆ ತಕ್ಕಂತೆ 200 ನ್ಯೂಟನ್ ಮೀಟರಿನ ಆಸುಪಾಸಿನಿಂದ 220ರವರೆಗೆ. ಬಡಾ ದೋಸ್ತ್‌ನದು ಮೂರು ಸಿಲಿಂಡರಿನ 1.5 ಲೀಟರ್, 80 ಎಚ್‌ಪಿ, 190 ನ್ಯೂಟನ್ ಮೀಟರ್. ಇಂಟ್ರಾ ವಿ50ರದೂ 1.5 ಲೀಟರೇ, ಆದರೆ 220 ನ್ಯೂಟನ್ ಮೀಟರ್. ಇಸುಜು ಡಿ-ಮ್ಯಾಕ್ಸ್‌ನ ಲೋಡು ಗಾಡಿಯದು 2.5 ಲೀಟರ್, 176 ನ್ಯೂಟನ್ ಮೀಟರ್. ಸಿಂಧನೂರಿನಿಂದ ಕಾರಟಗಿ, ಸಿರುಗುಪ್ಪ, ಬಳ್ಳಾರಿ ಕಡೆಯ ದಾರಿಗಳು ಹೆಚ್ಚುಕಡಿಮೆ ಸಮತಟ್ಟು. ಅಲ್ಲಿ 190 ಸಾಕು. ನೀವು ಸಂಡೂರಿನ ಗುಡ್ಡದ ಕಡೆಗೂ ಬಾಡಿಗೆ ಹಿಡಿಯುವುದಾದರೆ ಯೋಧದ ಎಳೆತ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಜಿಲ್ಲೆಯಲ್ಲಿ ಎಂಜಿನ್ನಿಗೆ ಎತ್ತರಕ್ಕಿಂತ ದೊಡ್ಡ ಶತ್ರು ಬಿಸಿಲು ಮತ್ತು ಹೊಟ್ಟು. ಸುಗ್ಗಿಯಲ್ಲಿ ಹಾರುವ ಭತ್ತದ ಸುಂಕು ರೇಡಿಯೇಟರಿನ ಎಸಳುಗಳ ನಡುವೆ ತುಂಬಿ ಗಾಳಿ ಹೋಗದಂತೆ ಮಾಡುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಟೆಂಪರೇಚರ್ ಮುಳ್ಳು ಏರಿದಾಗ ಬಹಳ ಮಂದಿ ಕೂಲಂಟನ್ನು ದೂರುತ್ತಾರೆ, ತಪ್ಪು ಇರುವುದು ಆ ಕಟ್ಟಿದ ಎಸಳುಗಳಲ್ಲಿ. ಎಂಜಿನ್ ತಣಿದ ಮೇಲೆ ಫ್ಯಾನಿನ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಹೊಡೆಯಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಹೊಟ್ಟು ಇನ್ನೂ ಒಳಕ್ಕೆ ಕೂತು ಎಸಳು ಮಡಚುತ್ತದೆ. ಎಂಜಿನ್ ಸೀಟಿನ ಕೆಳಗಿರುವ ಗಾಡಿಗಳಲ್ಲಿ ಸೀಟು ಎತ್ತಿದಾಗೆಲ್ಲ ಅದರಡಿಯ ಶಾಖ ತಡೆಯುವ ಹಾಸನ್ನು ಸರಿಯಾಗಿ ಕೂರಿಸಿ. ಅದು ಹರಿದರೆ ಮಧ್ಯಾಹ್ನದ ಹೊತ್ತು ಕೂರಲಾಗುವುದಿಲ್ಲ.

ಬಿಎಸ್ 6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿನವೂ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಅದು ಸುಟ್ಟು ಶುಚಿಯಾಗಲು ಬೇಕಾದ ಬಿಸಿ ಸಿಗದೆ ಕಟ್ಟಿಕೊಳ್ಳುತ್ತದೆ. ಅದರ ದೀಪ ಹತ್ತಿದಾಗ ಎಂಜಿನ್ ಆಫ್ ಮಾಡದೆ, ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಗಾಡಿ ಕೊಳ್ಳುವಾಗಲೇ ಯೂರಿಯಾ ದ್ರಾವಣದ ಬೇರೆ ಟ್ಯಾಂಕು ಇದೆಯೇ ಕೇಳಿಕೊಳ್ಳಿ. ಇದ್ದರೆ ಅದರ ಖರ್ಚನ್ನೂ ಬಾಡಿಗೆ ಲೆಕ್ಕದಲ್ಲಿ ಸೇರಿಸಬೇಕು.

ಟೈರಿನ ವಿಷಯ ಎಲ್ಲರೂ ತೇಲಿಸಿಬಿಡುತ್ತಾರೆ. ಟೈರಿನ ಬದಿಯಲ್ಲಿ 118/116 ಎಂಬಂಥ ಅಂಕಿ ಇರುತ್ತದೆ. ಮೊದಲನೆಯದು ಒಂಟಿ ಗಾಲಿಗೆ. 118 ಅಂದರೆ ಒಂದು ಟೈರು 1320 ಕೆಜಿ ಹೊರುತ್ತದೆ, 112 ಅಂದರೆ 1120, 108 ಅಂದರೆ ಬರೀ 1000. ಲೋಡಾದ ಗಾಡಿಯ ಹಿಂದಿನ ಆಕ್ಸಲ್ ಮೇಲೆ 2270 ಕೆಜಿ ಬಿದ್ದರೆ ಒಂದೊಂದು ಟೈರಿಗೆ 1135. ಅಲ್ಲಿ 112 ಸಾಲದು, ಕನಿಷ್ಠ 113 ಬೇಕು. ಮುಂದೆ ಟೈರು ಬದಲಿಸುವಾಗ ಕಡಿಮೆ ಬೆಲೆಗೆ ಮರುಳಾಗಿ ಕಡಿಮೆ ಅಂಕಿಯದನ್ನು ಹಾಕಿಸಿದರೆ ಗಾಡಿಯ ಗಟ್ಟಿತನ ಅಲ್ಲಿಗೆ ಇಳಿದಂತೆ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ, ಬಾಗಿಲ ಕಂಬದ ಚೀಟಿಯಲ್ಲಿರುವಷ್ಟು ಹಿಡಿಸಿ. ಮಧ್ಯಾಹ್ನ ಓಡಿ ಬಂದ ಮೇಲೆ ಒತ್ತಡ ಏರಿರುವುದು ಸಹಜ. ಆಗ ಗಾಳಿ ಬಿಟ್ಟರೆ ಟೈರಿನ ಗೋಡೆ ಇನ್ನಷ್ಟು ಮಡಚಿ, ಇನ್ನಷ್ಟು ಕಾದು, ಸಿಡಿಯುವುದು ಹಾಗೆಯೇ.

ಬಾಡಿ ಕಟ್ಟಿಸುವುದಾದರೆ ಮೇಸ್ತ್ರಿಗೆ ಮೊದಲೇ ಹೇಳಬೇಕಾದ ಮಾತು: ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ತೂತು ಕೊರೆಯಬಾರದು, ವೆಲ್ಡಿಂಗ್ ಮಾಡಬಾರದು. ಬಾಗುವಾಗ ಅತಿ ಹೆಚ್ಚು ಎಳೆತ ಬೀಳುವುದು ಆ ಅಂಚುಗಳ ಮೇಲೆಯೇ. ಕಂಪನಿ ಕೊಟ್ಟ ಬ್ರಾಕೆಟ್ಟಿಗೇ ಬೋಲ್ಟು ಬಿಗಿಯಲಿ, ಬಾಡಿಯ ಉದ್ದುದ್ದ ತೊಲೆ ಮತ್ತು ಚಾಸಿಯ ನಡುವೆ ರಬ್ಬರು ಅಥವಾ ಮರದ ಪಟ್ಟಿ ಇರಲಿ, ಆ ತೊಲೆಯ ಮುಂದಿನ ತುದಿಯನ್ನು ಓರೆಯಾಗಿ ಕತ್ತರಿಸಲಿ. ಚೌಕ ತುದಿ ಚಾಸಿಯನ್ನು ಉಳಿಯಂತೆ ಒಂದೇ ಜಾಗದಲ್ಲಿ ಒತ್ತುತ್ತದೆ, ಕ್ಯಾಬಿನ್ ಹಿಂದಿನ ಬಿರುಕಿಗೆ ಅದೇ ಕಾರಣ. ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ತಂತಿ ಬಿಚ್ಚಿಸಿ, ಇಲ್ಲದಿದ್ದರೆ ಎಂಜಿನ್ ನಿಯಂತ್ರಿಸುವ ಪೆಟ್ಟಿಗೆ ಸುಟ್ಟೀತು. ಗೊಬ್ಬರ ಸಾಗಿಸಿದ ದಿನ ಡಾಲಾ ತೊಳೆಯದೆ ಬಿಡಬೇಡಿ. ಚೆಲ್ಲಿದ ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇರುವುದರಿಂದ ತಗಡಿನ ಬೆಸುಗೆಗಳಲ್ಲಿ ಸೇರಿ ತೂತು ಮಾಡುತ್ತದೆ.

ಕೆಸರಿನ ಬಗ್ಗೆ ಒಂದು ಮಾತು. ಹಿಂದಿನ ಗಾಲಿಗೆ ಮಾತ್ರ ಎಳೆತವಿರುವ ಪಿಕಪ್ ಖಾಲಿಯಿದ್ದಾಗ ಭಾರವೆಲ್ಲ ಮುಂದಿರುತ್ತದೆ, ಹಿಂದಿನ ಗಾಲಿ ಒದ್ದೆ ಎರೆಯಲ್ಲಿ ಸುಮ್ಮನೆ ಸುತ್ತುತ್ತದೆ. ಬಾನೆಟ್ ಗಾಡಿ, ಮೊಟಕು ಗಾಡಿ ಎರಡರದೂ ಇದೇ ಕತೆ. ಗದ್ದೆಯಿಂದ ರಸ್ತೆವರೆಗೆ ಟ್ರ್ಯಾಕ್ಟರ್ ಟ್ರೇಲರ್, ಅಲ್ಲಿಂದ ಪಿಕಪ್ ಎಂಬ ನಿಮ್ಮ ಕಡೆಯ ಪದ್ಧತಿಯೇ ಸರಿ.

ಪರ್ಮಿಟ್ಟಿನ ವಿಷಯವೂ ಮಾದರಿ ಆರಿಸುವಾಗ ಲೆಕ್ಕಕ್ಕೆ ಬರುತ್ತದೆ. ಲೋಡು ಸೇರಿ ಒಟ್ಟು ತೂಕ 3000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. 1.2, 1.3 ಟನ್ನಿನ ಮಾದರಿಗಳನ್ನು ಆ ಗೆರೆಯೊಳಗೇ ನಿಲ್ಲಿಸಿರುವುದು ಇದಕ್ಕೇ. 1.7 ಟನ್ನಿನದು ಆ ಗೆರೆ ದಾಟುತ್ತದೆ. ಲೈಸೆನ್ಸಿನ ಚಿಂತೆ ಬೇಡ: ಒಟ್ಟು 7500 ಕೆಜಿ ಒಳಗಿನ ಸರಕು ಗಾಡಿಯನ್ನು ಸಾಮಾನ್ಯ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ಈಗ ಆಯ್ಕೆ. ನಿಮ್ಮ ಮುಖ್ಯ ಮಾಲು ಭತ್ತ, ದಾರಿಯಲ್ಲಿ ಅರ್ಧ ಕಚ್ಚಾ. ಹಾಗಾಗಿ 1.7 ಟನ್ನಿನ ಬೊಲೆರೊ ಅಥವಾ ಯೋಧ, ಈ ಎರಡರಲ್ಲೇ ಇರಿ. ಎಳೆತದಲ್ಲಿ ಯೋಧ ಮುಂದು. ಹಳ್ಳಿಯ ಮೇಸ್ತ್ರಿಯ ಕೈ ಪಳಗಿರುವುದರಲ್ಲಿ, ಸಣ್ಣ ಊರಲ್ಲೂ ಬಿಡಿಭಾಗ ಸಿಗುವುದರಲ್ಲಿ, ಮಾರುವಾಗ ಗಿರಾಕಿ ಬೇಗ ಬರುವುದರಲ್ಲಿ ಬೊಲೆರೊ ಮುಂದು. ಸುಗ್ಗಿಯ ಇಪ್ಪತ್ತು ದಿನದಲ್ಲಿ ಗಾಡಿ ಮೂರು ದಿನ ನಿಂತರೆ ಆಗುವ ನಷ್ಟವನ್ನು ಹೆಚ್ಚಿನ ಎಳೆತ ತುಂಬಿಕೊಡುವುದಿಲ್ಲವಾದ್ದರಿಂದ ನಿಮಗೆ ನಾನು ಹೇಳುವುದು ಬೊಲೆರೊ. ಸಿಂಧನೂರಿನಲ್ಲೇ ಯೋಧದ ಒಳ್ಳೆಯ ಸರ್ವಿಸ್ ನಿಮಗೆ ಸಿಗುವುದಾದರೆ ಯೋಧ ತಂದರೂ ತಪ್ಪಿಲ್ಲ. ಬಾಡಿಗೆಯೇ ಹೆಚ್ಚಾಗಿ, ಅದೂ ತರಕಾರಿ, ಹತ್ತಿ, ಮನೆ ಸಾಮಾನಿನಂಥ ಹಗುರ ಮಾಲಾದರೆ ಬಡಾ ದೋಸ್ತ್ ಲಾಭದ ಗಾಡಿ. ಇಂಟ್ರಾ ಪೇಟೆಯೊಳಗಿನ ಅಂಗಡಿ ಸರಬರಾಜಿಗೆ ಸರಿ. ಇಸುಜು ಚಾಸಿಯಲ್ಲಿ, ಓಟದಲ್ಲಿ ಒಳ್ಳೆಯ ಗಾಡಿ, ಆದರೆ ಹತ್ತಿರದ ಸರ್ವಿಸ್ ಎಷ್ಟು ದೂರ ಎಂದು ತಿಳಿದುಕೊಂಡೇ ಮುಂದುವರಿಯಿರಿ.

ಗಾಡಿ ಕೈಗೆ ಬಂದ ದಿನ ಖಾಲಿಯಾಗಿ ವೇ ಬ್ರಿಡ್ಜಿಗೆ ಹೋಗಿ ಮೂರು ತೂಕ ಮಾಡಿಸಿ: ಇಡೀ ಗಾಡಿ, ಮುಂದಿನ ಗಾಲಿ ಮಾತ್ರ, ಹಿಂದಿನ ಗಾಲಿ ಮಾತ್ರ. ಮೊದಲ ಸಲ 20 ಚೀಲ ಹೇರಿದಾಗ ಅದೇ ಮೂರು ತೂಕ ಮತ್ತೆ ಮಾಡಿಸಿ, ಹಿಂದಿನ ಅಂಕಿಯನ್ನು ಆರ್‌ಸಿಯಲ್ಲಿರುವ ಆಕ್ಸಲ್ ತೂಕದ ಜೊತೆ ಹೋಲಿಸಿ. ಹೆಚ್ಚಿದ್ದರೆ ಚೀಲದ ಸಾಲನ್ನು ಕ್ಯಾಬಿನ್ ಗೋಡೆಗೆ ಒತ್ತಿ ಜೋಡಿಸಿ, ಬಾಲದ ಕಡೆ ಒಂದು ಸಾಲು ತಗ್ಗಿಸಿ. ಲೋಡಿನಲ್ಲಿ ಸಾವಿರ ಕಿಲೋಮೀಟರ್ ಓಡಿದ ಮೇಲೆ ಹಿಂದಿನ ಯು-ಬೋಲ್ಟುಗಳನ್ನು ಟಾರ್ಕ್ ಪಾನಾದಲ್ಲಿ ಮತ್ತೆ ಬಿಗಿಸಿ. ಅವು ಸಡಿಲಾದರೆ ಪಟ್ಟಿಯ ನಡುವಿನ ಸೆಂಟರ್ ಬೋಲ್ಟು ಕತ್ತರಿಸಿ, ಆಕ್ಸಲ್ ಒಂದು ಬದಿಗೆ ಜಾರಿ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ. ಅನುಮಾನ ಬಂದರೆ ಪಟ್ಟಿಯ ಮುಂದಿನ ಕಣ್ಣಿನ ನಡುವಿನಿಂದ ಗಾಲಿಯ ನಡುವಿಗೆ ಎರಡೂ ಬದಿ ಅಳೆಯಿರಿ. ವ್ಯತ್ಯಾಸ 5 ಮಿಲಿಮೀಟರ್ ಮೀರಿದರೆ ಅಂದೇ ಬಿಚ್ಚಿಸಬೇಕು.